ಶಿಬಿರಕ್ಕೆ ಹೊರಟ ಮಗು, ಕೈಯಲ್ಲಿ ಇನ್ಸುಲಿನ್ ಡಬ್ಬಿ
(ಪಾಲಕರಿಗೆ ಹಾಗೂ ಶಿಬಿರ, ವಸತಿ ಶಾಲೆ ನಡೆಸುವವರಿಗೆ ಈ ವರ್ಷದ ಪಾಠ)



ವಾರ್ಷಿಕ ವರದಿಯಲ್ಲಿ ಲೆಕ್ಕಪತ್ರದ ಜೊತೆಗೆ ಮನೆಮಂದಿಗೆ ಉಪಯೋಗವಾಗುವ ಒಂದು ಪಾಠವನ್ನು ಕೊಡುವುದು ನಮ್ಮ ರೂಢಿ. ಈ ಸಲದ ಪಾಠ ದಿನಾಲು ಇನ್ಸುಲಿನ್ ಸೂಜಿ ತೆಗೆದುಕೊಳ್ಳುವ ಮಕ್ಕಳನ್ನು ಕುರಿತದ್ದು. ಇಂಥ ಮಕ್ಕಳು ನಮ್ಮ ಪಟ್ಟಿಯಲ್ಲಿ ಹೆಚ್ಚಿಲ್ಲ. ಆದರೆ ಇರುವ ಮಕ್ಕಳು ಶಾಲೆಯ ಪ್ರವಾಸ, ಸ್ಕೌಟ್ ಶಿಬಿರ, ಬೇಸಿಗೆಯ ದೀನಿ ಶಿಬಿರ, ಕಾಲೇಜಿನ ಏಳು ದಿನದ ಎನ್‌ಎಸ್‌ಎಸ್ ಶಿಬಿರ ಎಲ್ಲವನ್ನೂ ಬಿಟ್ಟು ಮನೆಯಲ್ಲೇ ಉಳಿಯುತ್ತಿದ್ದಾರೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಅರ್ಜಿಯನ್ನೂ ತುಂಬದೆ ಬಿಡುತ್ತಾರೆ. ಕಾರಣ ಒಂದೇ: ಅಲ್ಲಿ ಸೂಜಿ ಯಾರು ಕೊಡಬೇಕು, ರಾತ್ರಿ ಹೆಚ್ಚುಕಡಿಮೆಯಾದರೆ ಯಾರು ನೋಡಬೇಕು?

ಈ ಪ್ರಶ್ನೆಗೆ ಉತ್ತರವಿದೆ. ಆ ಉತ್ತರವನ್ನು ನಮಗೆ ಕಲಿಸಿದ್ದು ತೊರವಿಯ ಒಂದು ಕುಟುಂಬ.

ಒಂದು ಮನೆಯ ಮಾತು

ಆ ಮನೆಯ ತಂದೆ ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಕೆಲಸಕ್ಕೆ ಹೋಗುತ್ತಾರೆ. ಮಗಳು ಏಳನೇ ಇಯತ್ತೆ. ಹತ್ತು ದಿನದ ವಸತಿ ಶಿಬಿರಕ್ಕೆ ಅವಳ ಹೆಸರು ಬಂದಿತ್ತು. ಹೊರಡಲು ನಾಲ್ಕು ದಿನ ಇರುವಾಗ ತಾಯಿ ಬಂದು, "ಹುಡುಗಿಗೆ ಆರಾಮಿಲ್ರಿ ಆಪಾ, ಹೆಸರು ತೆಗೀರಿ" ಅಂದರು. ನಮ್ಮ ಸಮಿತಿಯ ಮಹಿಳಾ ಸದಸ್ಯರು ಒಳಗೆ ಕರೆದು ಕೂಡಿಸಿಕೊಂಡು ಕೇಳಿದಾಗ ನಿಜ ಹೊರಬಂತು. ಮಗಳಿಗೆ ಎರಡು ವರ್ಷದಿಂದ ಟೈಪ್ 1 ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸೂಜಿ: ಮೂರು ಊಟಕ್ಕೆ ಮೂರು, ಮಲಗುವಾಗ ಒಂದು.

"ಇಷ್ಟು ದಿನ ಯಾಕ ಹೇಳಲಿಲ್ಲವಾ?" ಎಂದು ಕೇಳಿದರೆ, "ಹೆಣ್ಣು ಹುಡುಗಿ ಐತ್ರಿ ಆಪಾ. ನಾಳೆ ಮದುವಿ ಮಾತು ಬಂದಾಗ ಊರೆಲ್ಲಾ ಇದನ್ನ ಹೇಳ್ತೈತಿ. ಸ್ಕಾಲರ್‌ಶಿಪ್ಪೂ ನಿಂತರ ಏನ್ ಮಾಡೂದು ಅಂತ ಅಂಜಿಕಿ" ಅಂದರು.

ಶಿಬಿರದವರೂ ಮೊದಲು ಒಪ್ಪಲಿಲ್ಲ. "ನಮ್ಮಲ್ಲಿ ನರ್ಸ್ ಇಲ್ಲ, ಜವಾಬ್ದಾರಿ ಬೇಡ" ಎಂದರು. ಅವರ ಅಂಜಿಕೆಯೂ ಸುಳ್ಳಲ್ಲ. ಆಗ ಹುಡುಗಿಯೇ ಮುಂದೆ ಬಂದು, "ಚುಚ್ಕೋಳ್ಳೂದು ನಾನ ಚುಚ್ಕೋತೀನ್ರಿ ಸರ್. ನೀವು ಬಾಜೂಕ ನಿಂತು ನೋಡಿದ್ರ ಸಾಕು" ಅಂದಳು.

ನಮ್ಮ ಪಾಠವೆಲ್ಲ ಆ ಮಾತಿನಲ್ಲಿದೆ. ಶಿಬಿರಕ್ಕೆ ವೈದ್ಯರು ಬೇಕಿಲ್ಲ. ಬಾಜೂಕ ನಿಂತು ನೋಡುವ ಒಬ್ಬರು, ಅವರ ಕೈಯಲ್ಲಿ ಬರೆದ ಒಂದು ಹಾಳೆ, ಎಲ್ಲ ಸಾಮಾನು ಇರುವ ಒಂದು ಡಬ್ಬಿ ಬೇಕು. ಈ ಮೂರೂ ಕೂಡಿಬಂದ ಮೇಲೆ ಅವಳು ಹತ್ತು ದಿನ ಇದ್ದು ಬಂದಳು. ಅಲ್ಲಿ ಆದ ಎರಡು ತಪ್ಪುಗಳನ್ನೂ ಮುಂದೆ ಹೇಳುತ್ತೇವೆ.

ಕಾಯಿಲೆಯನ್ನು ಸರಿಯಾಗಿ ತಿಳಿಯೋಣ

ದೊಡ್ಡವರಿಗೆ ಬರುವ ಸಾಮಾನ್ಯ ಶುಗರ್ ಬೇರೆ, ಮಕ್ಕಳಿಗೆ ಬರುವ ಟೈಪ್ 1 ಬೇರೆ. ಟೈಪ್ 1ರಲ್ಲಿ ದೇಹದ ರಕ್ಷಣಾ ಶಕ್ತಿಯೇ ತಪ್ಪಿ, ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡುತ್ತದೆ. ಸಿಹಿ ತಿಂದದ್ದರಿಂದ ಇದು ಬರುವುದಿಲ್ಲ. ತಾಯಿಯ ತಪ್ಪಿನಿಂದ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಗುಳಿಗೆ, ಕಷಾಯ, ಗಿಡಮೂಲಿಕೆ ಯಾವುದೂ ಇನ್ಸುಲಿನ್ನಿನ ಬದಲಿಗೆ ಬರುವುದಿಲ್ಲ. ಯಾರದೋ ಮಾತು ಕೇಳಿ ಸೂಜಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಗುವಿನ ಜೀವಕ್ಕೆ ಅಪಾಯ.

ನೂರು ವರ್ಷಕ್ಕೂ ಹೆಚ್ಚು ಹಿಂದೆ ಈ ಕಾಯಿಲೆಗೆ ಔಷಧವೇ ಇರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಕಂಡುಹಿಡಿಯಲಾಯಿತು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು ಲೆನರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ. ಸಾಯುವ ಸ್ಥಿತಿಯಲ್ಲಿದ್ದ ಅವನು ಚೇತರಿಸಿಕೊಂಡು ಮತ್ತೆ 13 ವರ್ಷ ಬದುಕಿದ. ಕಂಡುಹಿಡಿದವರು ಅದರ ಹಕ್ಕನ್ನು ತಲಾ ಒಂದೇ ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಮೂರೇ ವರ್ಷದಲ್ಲಿ, 1925ರಲ್ಲಿ, ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಡಾ. ಲೆನರ್ಡ್ ವೆಂಟ್ ಎಂಬವರು ಇಂಥ ಮಕ್ಕಳಿಗಾಗಿಯೇ ವಸತಿ ಶಿಬಿರ ನಡೆಸಿದರು. ಆಗ ಇಂದಿನ ಸಣ್ಣ ಸೂಜಿ ಇರಲಿಲ್ಲ, ಬೆರಳಿನ ರಕ್ತ ನೋಡುವ ಗ್ಲುಕೋಮೀಟರ್ ಇರಲಿಲ್ಲ. ಆದರೂ ಶಿಬಿರ ನಡೆಯಿತು. ಇಂದು ಎಲ್ಲ ಇದ್ದೂ ನಾವು ಮಗುವನ್ನು ಮನೆಯಲ್ಲಿ ಕೂಡಿಸುವುದು ಸರಿಯಲ್ಲ.

ಮೊದಲನೆಯದು: ಒಬ್ಬ ಜವಾಬ್ದಾರರು

"ಎಲ್ಲರೂ ನೋಡಿಕೊಳ್ಳುತ್ತಾರೆ" ಎಂದರೆ ಯಾರೂ ನೋಡುವುದಿಲ್ಲ. ಶಿಬಿರದಲ್ಲಿ ಹಗಲಿಗೆ ಒಬ್ಬರು, ರಾತ್ರಿಗೆ ಒಬ್ಬರು ಇವರೇ ಎಂದು ಗೊತ್ತುಮಾಡಿ. ಹುಡುಗಿಯಾದರೆ ಇಬ್ಬರೂ ಮಹಿಳೆಯರೇ ಇರಲಿ. ಹೊಟ್ಟೆಗೋ ತೊಡೆಗೋ ಸೂಜಿ ತೆಗೆದುಕೊಳ್ಳಲು ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಬೇಕು. ಪರದೆ ಇಲ್ಲದ ಜಾಗ ಕೊಟ್ಟರೆ ಎಷ್ಟೋ ಹುಡುಗಿಯರು ನಾಚಿಕೊಂಡು ಸೂಜಿಯನ್ನೇ ತಪ್ಪಿಸುತ್ತಾರೆ.

ಜವಾಬ್ದಾರರು ಸೂಜಿ ಚುಚ್ಚಲು ಕಲಿಯಲೇಬೇಕೆಂದಿಲ್ಲ. ಹತ್ತು, ಹನ್ನೆರಡು ವರ್ಷದ ಮಕ್ಕಳು ಸಾಮಾನ್ಯವಾಗಿ ತಾವೇ ತೆಗೆದುಕೊಳ್ಳುತ್ತಾರೆ. ಆದರೆ ಮಗು ಎಷ್ಟೇ ಚುರುಕಾಗಿದ್ದರೂ ಅದರ ಮೇಲೊಂದು ಕಣ್ಣು ಬೇಕು. ಅಳತೆಯ ಗೆರೆ ಸರಿಯಿದೆಯೇ, ಸೂಜಿ ತೆಗೆದುಕೊಂಡ ಮೇಲೆ ಊಟ ಮಾಡಿತೇ, ಪುಸ್ತಕದಲ್ಲಿ ಬರೆಯಿತೇ, ಇಷ್ಟನ್ನು ನೋಡಬೇಕು. ಎಂಟು ವರ್ಷಕ್ಕಿಂತ ಸಣ್ಣ ಮಗುವಾದರೆ ದೊಡ್ಡವರೇ ಸೂಜಿ ಕೊಡಬೇಕಾಗುತ್ತದೆ. ಅದನ್ನು ಕಲಿಯದ ಶಿಬಿರಕ್ಕೆ ಅಂಥ ಮಗುವನ್ನು ಕಳಿಸಬೇಡಿ.

ಹೊರಡುವ ಮೊದಲು ತಾಯಿ ಅಥವಾ ತಂದೆ, ಮಗು, ಜವಾಬ್ದಾರರು ಮೂವರೂ ಅರ್ಧ ತಾಸು ಕೂಡಿ ಕುಳಿತು, ಒಂದು ಸಲ ರಕ್ತ ನೋಡುವುದರಿಂದ ಹಿಡಿದು ಸೂಜಿ ತೆಗೆದುಕೊಳ್ಳುವವರೆಗೆ ಮಾಡಿ ತೋರಿಸಬೇಕು. ಫೋನಿನಲ್ಲಿ ಹೇಳಿದರೆ ಸಾಲದು.

ಎರಡನೆಯದು: ಬರೆದ ಹಾಳೆ

ಮಗುವನ್ನು ನೋಡುವ ವೈದ್ಯರಿಂದ ಶಿಬಿರಕ್ಕೆ ಹದಿನೈದು ದಿನ ಮೊದಲೇ ಒಂದು ಹಾಳೆ ಬರೆಸಿ, ಸಹಿ ಹಾಕಿಸಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇದ್ದರೆ ಒಳ್ಳೆಯದು. ಮೂರು ಪ್ರತಿ ಮಾಡಿ: ಜವಾಬ್ದಾರರಿಗೆ ಒಂದು, ಅಡುಗೆ ಮನೆಗೆ ಒಂದು, ಡಬ್ಬಿಯಲ್ಲಿ ಒಂದು. ಹಾಳೆಯಲ್ಲಿ ಇರಬೇಕಾದದ್ದು:

1. ಮಗುವಿನ ಹೆಸರು, ವಯಸ್ಸು, ತೂಕ, ರಕ್ತದ ಗುಂಪು.
2. ಯಾವ ಇನ್ಸುಲಿನ್, ಯಾವ ಹೊತ್ತಿಗೆ, ಎಷ್ಟು ಯೂನಿಟ್, ಊಟಕ್ಕೆ ಎಷ್ಟು ನಿಮಿಷ ಮೊದಲು.
3. ಬಾಟಲಿಯೋ ಪೆನ್ನೋ, ಯಾವ ಸಿರಿಂಜ್.
4. ಓಟ, ಆಟ, ನಡಿಗೆ ಇರುವ ದಿನ ಪ್ರಮಾಣ ಎಷ್ಟು ಕಡಿಮೆ ಮಾಡಬೇಕು. ಶಿಬಿರದಲ್ಲಿ ಮೈ ದಣಿಯುವುದು ಮನೆಗಿಂತ ಹೆಚ್ಚು. ದಣಿದ ಮೈಯಲ್ಲಿ ಸಕ್ಕರೆ ಇಳಿಯುತ್ತದೆ, ಆಟ ಮುಗಿದ ಎಷ್ಟೋ ತಾಸಿನ ನಂತರ, ನಡುರಾತ್ರಿಯಲ್ಲೂ ಇಳಿಯುತ್ತದೆ.
5. ಮಲಗುವಾಗ ಸಕ್ಕರೆ ಎಷ್ಟಕ್ಕಿಂತ ಕಡಿಮೆ ಇದ್ದರೆ ತಿನ್ನಲು ಕೊಡಬೇಕು.
6. ಸಕ್ಕರೆ ಇಳಿದರೆ ಏನು ಮಾಡಬೇಕು, ಏರಿದರೆ ಏನು ಮಾಡಬೇಕು.
7. ವೈದ್ಯರ ಫೋನ್, ಮನೆಯ ಎರಡು ಫೋನ್, ಹತ್ತಿರದ ಆಸ್ಪತ್ರೆಯ ಹೆಸರು.

ಪ್ರಮಾಣವನ್ನು ವೈದ್ಯರೇ ಬರೆಯಬೇಕು. ಈ ಪಾಠ ಓದಿ ಯಾರೂ ತಾವೇ ಪ್ರಮಾಣ ಬದಲಿಸಬಾರದು.

ಮೂರನೆಯದು: ಡಬ್ಬಿ

ಗಟ್ಟಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ ಸಾಕು. ಅದರಲ್ಲಿ ಇನ್ಸುಲಿನ್ ಬೇಕಾದ್ದಕ್ಕಿಂತ ಇಮ್ಮಡಿ ಇರಲಿ, ಬಾಟಲಿ ಒಡೆದರೆ ಶಿಬಿರದಲ್ಲಿ ಸಿಗುವುದಿಲ್ಲ. ಸಿರಿಂಜ್ ಅಥವಾ ಪೆನ್ ಸೂಜಿ, ಗ್ಲುಕೋಮೀಟರ್, ಬೆರಳು ಚುಚ್ಚುವ ಲ್ಯಾನ್ಸೆಟ್, ಮೀಟರಿನ ಇನ್ನೊಂದು ಸೆಲ್, ಹತ್ತಿ, ಗ್ಲೂಕೋಸ್ ಪುಡಿ, ಒಂದು ನೋಟ್‌ಬುಕ್, ಪೆನ್ಸಿಲ್ ಇರಲಿ.

ಸ್ಟ್ರಿಪ್ಪಿನ ಲೆಕ್ಕ ಹೀಗೆ ಹಾಕಿ. ಮೂರು ಊಟದ ಮೊದಲು, ಮಲಗುವಾಗ, ನಸುಕಿನ ಮೂರಕ್ಕೆ ಒಮ್ಮೆ, ಒಟ್ಟು ದಿನಕ್ಕೆ ಐದು. ಏಳು ದಿನಕ್ಕೆ 35. ಮಗುವಿಗೆ ಆರಾಮಿಲ್ಲದಿದ್ದರೆ ಇನ್ನೂ ಹೆಚ್ಚು ಬೇಕು. ಆದ್ದರಿಂದ 50ರ ಒಂದು ಪೆಟ್ಟಿಗೆಗಿಂತ ಕಡಿಮೆ ಕಳಿಸಬೇಡಿ.

ಬಳಸಿದ ಸೂಜಿಗಳನ್ನು ಕಸದ ಬುಟ್ಟಿಗೆ ಹಾಕಬಾರದು. ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಡಿಟ್ಟು, ಶಿಬಿರ ಮುಗಿದ ಮೇಲೆ ಆಸ್ಪತ್ರೆಗೆ ಕೊಡಿ. ಒಬ್ಬರ ಸೂಜಿ, ಪೆನ್, ಲ್ಯಾನ್ಸೆಟ್ ಇನ್ನೊಬ್ಬರು ಎಂದೂ ಬಳಸಬಾರದು, ಅಕ್ಕ ತಂಗಿಯರಾದರೂ ಸರಿ.

ಸಿರಿಂಜಿನ ಬಣ್ಣ ನೋಡಿ

ಮೊದಲ ತಪ್ಪು ನಡೆದದ್ದು ಇಲ್ಲಿ. ಶಿಬಿರದ ನಡುವೆ ಸಿರಿಂಜ್ ಮುಗಿದವು. ಯಾರೋ ಪೇಟೆಯಿಂದ ತಂದುಕೊಟ್ಟರು. ಹುಡುಗಿ ನೋಡಿ, "ಇದರ ಟೋಪಿ ಕೆಂಪಿಲ್ಲ" ಎಂದು ಹಿಂದೆ ಕಳಿಸಿದಳು. ಅವಳು ಮಾಡಿದ್ದು ಸರಿ.

ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು. ಅದಕ್ಕೆ ಕೆಂಪು ಟೋಪಿಯ 40ರ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ ಮತ್ತು ಕೆಲವು ಬಾಟಲಿಗಳು 100 ಯೂನಿಟ್ಟಿನವು. 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಟೋಪಿ. ಎರಡೂ ಅದಲುಬದಲಾದರೆ ಅನಾಹುತ. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 4 ಯೂನಿಟ್ ಮಾತ್ರ, ಸಕ್ಕರೆ ಏರುತ್ತದೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಹೋಗುವುದು 25 ಯೂನಿಟ್. ಇದು ಜೀವಕ್ಕೇ ಅಪಾಯ. ಬಾಟಲಿಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಇರಬೇಕು. ಬಣ್ಣದ ಜೊತೆಗೆ ಅಂಕಿಯನ್ನೂ ಓದಿ. ಪೆನ್ನಿನ ಕಾರ್ಟ್ರಿಜ್ಜಿನಿಂದ ಸಿರಿಂಜಿನಲ್ಲಿ ಎಂದೂ ಔಷಧ ಎಳೆಯಬೇಡಿ.

ಎರಡು ಬಗೆಯ ಇನ್ಸುಲಿನ್ ಇರುವ ಮಗುವಿಗೆ ಊಟದ್ದು ಒಂದು, ರಾತ್ರಿಯದು ಒಂದು ಇರುತ್ತದೆ. ಎರಡಕ್ಕೂ ಬೇರೆ ಬೇರೆ ಬಣ್ಣದ ಪಟ್ಟಿ ಅಂಟಿಸಿ, "ಊಟ", "ರಾತ್ರಿ" ಎಂದು ಬರೆಯಿರಿ. ನಿದ್ದೆಗಣ್ಣಿನಲ್ಲಿ ಒಂದರ ಬದಲು ಇನ್ನೊಂದು ಹೋಗುವುದು ಇದರಿಂದ ತಪ್ಪುತ್ತದೆ.

ವಿಜಯಪುರದ ಬಿಸಿಲಿನಲ್ಲಿ ಇನ್ಸುಲಿನ್

ಒಡೆಯದ ಬಾಟಲಿಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬರ್ಫ ಕಟ್ಟುವ ಖಾನೆಯಲ್ಲಿ ಇಡಬಾರದು. ಒಮ್ಮೆ ಗಟ್ಟಿಯಾದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬರುವುದಿಲ್ಲ. ಬಳಸುತ್ತಿರುವ ಬಾಟಲಿ ಹೊರಗೆ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಇರಬಲ್ಲದು. ಆದರೆ ತಂಪು ಎಂದರೆ 25, ಹೆಚ್ಚೆಂದರೆ 30 ಡಿಗ್ರಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ದಾಟುತ್ತದೆ. ತಗಡಿನ ಶೆಡ್ಡು, ಬಸ್ಸಿನ ಕಿಟಕಿ, ನಿಂತ ಜೀಪಿನ ಒಳಗೆ ಅದಕ್ಕಿಂತ ಹೆಚ್ಚು.

ಫ್ರಿಜ್ ಇಲ್ಲದ ಕಡೆ ಗಡಿಗೆ ಇದೆ. ಹೊಳಪು ಹಚ್ಚದ ಮಣ್ಣಿನ ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಉಸುಕು ತುಂಬಿ, ಆ ಉಸುಕಿಗೆ ದಿನಕ್ಕೆ ಎರಡು ಸಲ ನೀರು ಹಾಕಿ. ಇನ್ಸುಲಿನ್ನನ್ನು ಒಣ ಡಬ್ಬಿಯಲ್ಲಿ ಹಾಕಿ ಒಳಗಿನ ಗಡಿಗೆಯಲ್ಲಿಟ್ಟು, ಮೇಲೆ ಹಸಿ ಬಟ್ಟೆ ಮುಚ್ಚಿ. ನೆರಳಿನಲ್ಲಿ, ಗಾಳಿ ಆಡುವ ಜಾಗದಲ್ಲಿ ಇಡಿ. ನೀರು ಆರುವಾಗ ಒಳಗೆ ತಂಪಾಗುತ್ತದೆ. ನಮ್ಮದು ಒಣ ಹವೆಯ ಸೀಮೆಯಾದ್ದರಿಂದ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಇದು ಫ್ರಿಜ್ಜಿಗೆ ಸಮ ಅಲ್ಲ, ಬಳಸುತ್ತಿರುವ ಬಾಟಲಿಗೆ ಸಾಕು. ಪ್ರಯಾಣದಲ್ಲಿ ಬರ್ಫದ ತುಂಡಿಗೆ ತಾಗುವಂತೆ ಇಡಬೇಡಿ. ತಿಳಿ ಇರಬೇಕಾದ ಇನ್ಸುಲಿನ್ ಮಸಕಾಗಿದ್ದರೆ, ಒಳಗೆ ಗರಣೆ ಕಂಡರೆ ಚೆಲ್ಲಿಬಿಡಿ.

ತಾಟು ಕಂಡ ಮೇಲೆ ಸೂಜಿ

ಎರಡನೆಯ ತಪ್ಪು ಮೂರನೇ ದಿನ ಆಯಿತು. ಮಧ್ಯಾಹ್ನ ಒಂದಕ್ಕೆ ಊಟ ಎಂದು ಹಾಳೆಯಲ್ಲಿತ್ತು. ಹುಡುಗಿ ಹೊತ್ತಿಗೆ ಸರಿಯಾಗಿ ಸೂಜಿ ತೆಗೆದುಕೊಂಡಳು. ಆದರೆ ಆ ದಿನ ಅತಿಥಿಗಳು ಬಂದಿದ್ದರು. ಭಾಷಣ ಉದ್ದವಾಯಿತು, ಊಟ ತಡವಾಯಿತು. ಎದ್ದು ಹೋಗಲು ಅವಳಿಗೆ ಸಂಕೋಚ. ಕೈ ನಡುಗಿತು, ಮೈ ಬೆವರಿತು, ಕಣ್ಣು ಮಂಜಾಯಿತು. ಪಕ್ಕದಲ್ಲಿ ಕುಳಿತ ಗೆಳತಿ ನೋಡಿ ಕೂಗಿದ್ದರಿಂದ ಜವಾಬ್ದಾರರು ಓಡಿಬಂದರು. ಮೀಟರಿನಲ್ಲಿ 52 ಇತ್ತು. ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋದಳು.

ಅಂದಿನಿಂದ ಆ ಶಿಬಿರದಲ್ಲಿ ಒಂದು ನಿಯಮವಾಯಿತು: ತಾಟು ಕಂಡ ಮೇಲೆ ಸೂಜಿ. ಅರ್ಧ ತಾಸು ಮೊದಲು ತೆಗೆದುಕೊಳ್ಳಬೇಕಾದ ಇನ್ಸುಲಿನ್ ಆದರೆ, ಅಡುಗೆಯವರು "ಊಟ ತಯಾರಿದೆ" ಎಂದ ಮೇಲೆ ತೆಗೆದುಕೊಂಡು, ಅರ್ಧ ತಾಸಿಗೆ ಸರಿಯಾಗಿ ಆ ಮಗುವಿಗೆ ಬಡಿಸಬೇಕು. ಪಂಕ್ತಿ ಕೂಡುವವರೆಗೆ ಕಾಯಿಸಬಾರದು. ಯಾವ ಅತಿಥಿಯ ಭಾಷಣಕ್ಕೂ, ಯಾವ ಕಾರ್ಯಕ್ರಮಕ್ಕೂ ಈ ಊಟ ತಡವಾಗಬಾರದು. ಭಾಷಣದ ನಡುವೆ ಎದ್ದು ಹೋಗಲು, ನೀರು ಕುಡಿಯಲು, ಮೂತ್ರಕ್ಕೆ ಹೋಗಲು ಆ ಮಗುವಿಗೆ ಕೇಳದೆ ಹೋಗುವ ಪರವಾನಗಿ ಇರಬೇಕು.

ಊಟದಲ್ಲಿ ಬೇರೆ ಅಡುಗೆ ಬೇಡ. ಜೋಳದ ರೊಟ್ಟಿ, ಪಲ್ಯ, ಬೇಳೆ, ಮೊಟ್ಟೆ, ಮಾಂಸ ಎಲ್ಲ ಆಗುತ್ತದೆ. ರೊಟ್ಟಿಯಿಂದಲೂ ಅನ್ನದಿಂದಲೂ ಸಕ್ಕರೆ ಏರುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ದಿನಾಲು ಹೆಚ್ಚುಕಡಿಮೆ ಅಷ್ಟೇ ತಿನ್ನುವುದು ಮುಖ್ಯ. ಕೊನೆಯ ದಿನದ ಶೀರಕುರ್ಮಾ, ಜಾಮೂನು ಕೊಡುವುದಾದರೆ ಎಷ್ಟು, ಯಾವ ಹೊತ್ತಿಗೆ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಎಲ್ಲರೂ ತಿನ್ನುವಾಗ ಒಂದು ಮಗುವನ್ನು ದೂರ ಕೂಡಿಸಿದರೆ ಅದು ಕದ್ದು ತಿನ್ನುವುದನ್ನು ಕಲಿಯುತ್ತದೆ.

ಸಕ್ಕರೆ ಇಳಿದಾಗ

ಇದನ್ನು ಶಿಬಿರದ ಎಲ್ಲರೂ, ಗೆಳತಿಯರೂ, ಅಡುಗೆಯವರೂ ಕಲಿಯಬೇಕು. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ, ಅಥವಾ ಮಗು ನಡುಗಿದರೆ, ಬೆವರಿದರೆ, ಸುಮ್ಮನೆ ಸಿಟ್ಟಾದರೆ, ಮಾತು ತೊದಲಿದರೆ:

1. ಮಗುವನ್ನು ಒಂಟಿಯಾಗಿ ಎಲ್ಲಿಗೂ ಕಳಿಸಬೇಡಿ. ಇದ್ದಲ್ಲೇ ಕೂಡಿಸಿ.
2. ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 30 ಕಿಲೋ ತೂಕದ ಮಗುವಿಗೆ ಎರಡು ಚಹಾ ಚಮಚ, 50 ಕಿಲೋದವರಿಗೆ ಮೂರು. ಪೇಢೆ, ಚಾಕಲೇಟ್ ಕೊಡಬೇಡಿ, ಅವುಗಳ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತದೆ.
3. 15 ನಿಮಿಷದ ಮೇಲೆ ಮತ್ತೆ ನೋಡಿ. ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ ಕೊಡಿ.
4. ಸರಿಹೋದ ಮೇಲೆ ಊಟ ದೂರವಿದ್ದರೆ ಎರಡು ಬಿಸ್ಕಿಟ್ ಅಥವಾ ಅರ್ಧ ರೊಟ್ಟಿ ಕೊಡಿ.
5. ಮಗುವಿಗೆ ಎಚ್ಚರ ತಪ್ಪಿದ್ದರೆ ಅಥವಾ ಝಟಕೆ ಬಂದರೆ ಬಾಯಿಗೆ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಕೂಡಲೇ 108ಕ್ಕೆ ಕರೆ ಮಾಡಿ. ವೈದ್ಯರು ಗ್ಲುಕಗಾನ್ ಸೂಜಿ ಬರೆದುಕೊಟ್ಟಿದ್ದರೆ ಅದನ್ನು ಕೊಡಿ.

ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತ ಕೂಡಬೇಡಿ, ಮೊದಲು ಸಕ್ಕರೆ ಕೊಡಿ. ಇಳಿದ ಸಕ್ಕರೆಯಿಂದ ಆಗುವ ಅಪಾಯ, ಒಂದು ಸಲ ಸುಮ್ಮನೆ ಕೊಟ್ಟ ಸಕ್ಕರೆಯಿಂದ ಆಗುವುದಿಲ್ಲ.

ಮೊದಲ ರಾತ್ರಿಗಳಲ್ಲಿ ನಸುಕಿನ ಮೂರಕ್ಕೆ ಅಲಾರಂ ಇಟ್ಟು ಬೆರಳು ನೋಡಬೇಕು. ತಹಜ್ಜುದ್‌ಗೆ ಏಳುವವರು ಒಬ್ಬರಿದ್ದರೆ ಈ ಕೆಲಸ ಅವರದಾಗಲಿ. ನಮ್ಮ ಹುಡುಗಿಗೂ ರಾತ್ರಿಯ ಜವಾಬ್ದಾರಿ ಹೊತ್ತವರು ಅಂಥ ಒಬ್ಬ ಶಿಕ್ಷಕಿಯೇ.

ಸಕ್ಕರೆ ಏರಿದಾಗ, ಮೈ ಸರಿಯಿಲ್ಲದಾಗ

ಜ್ವರ, ವಾಂತಿ ಇದ್ದು ಮಗು ಊಟ ಬಿಟ್ಟಿದೆ ಎಂದು ಇನ್ಸುಲಿನ್ನನ್ನು ಪೂರಾ ನಿಲ್ಲಿಸುವುದು ದೊಡ್ಡ ತಪ್ಪು. ಎಷ್ಟು ಕೊಡಬೇಕೆಂದು ವೈದ್ಯರನ್ನು ಫೋನಿನಲ್ಲಿ ಕೇಳಿ. ಸಕ್ಕರೆ 250ರ ಮೇಲಿದ್ದು ಜೊತೆಗೆ ವಾಂತಿ, ಹೊಟ್ಟೆನೋವು, ಜೋರಾದ ಉಸಿರು, ಬಾಯಿಯಿಂದ ಹಣ್ಣಿನಂಥ ವಾಸನೆ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ತೊರವಿ, ತಿಕೋಟಾ ಕಡೆಯವರಿಗೆ ವಿಜಯಪುರದ ಜಿಲ್ಲಾ ಆಸ್ಪತ್ರೆ, ಅಲ್-ಅಮೀನ್ ವೈದ್ಯಕೀಯ ಕಾಲೇಜು ಆಸ್ಪತ್ರೆ, ಬಿ.ಎಲ್.ಡಿ.ಇ. ಆಸ್ಪತ್ರೆ ಇವೆ. ಶಿಬಿರ ಬಬಲೇಶ್ವರ ಕಡೆಯ ಹಳ್ಳಿಯಲ್ಲಿದ್ದರೆ ರಾತ್ರಿ ಗಾಡಿ ಯಾರದು, ಚಾಲಕ ಯಾರು ಎಂಬುದು ಹಗಲಿನಲ್ಲೇ ಗೊತ್ತಿರಬೇಕು.

ದೀನಿನ ಎರಡು ಪ್ರಶ್ನೆ

ಪಾಲಕರು ನಮ್ಮನ್ನು ಮೆಲ್ಲಗೆ ಕೇಳುವ ಪ್ರಶ್ನೆಗಳಿವು.

ಒಂದು, ಇನ್ಸುಲಿನ್ ಯಾವುದರಿಂದ ಮಾಡುತ್ತಾರೆ? ಹಿಂದೆ ದನ ಮತ್ತು ಹಂದಿಯ ಗ್ರಂಥಿಯಿಂದ ತೆಗೆಯುತ್ತಿದ್ದುದು ನಿಜ. 1982ರಿಂದ ಮನುಷ್ಯರ ಇನ್ಸುಲಿನ್ನನ್ನೇ ಸೂಕ್ಷ್ಮಜೀವಿಗಳ ಮೂಲಕ ತಯಾರಿಸಿ ಮಾರುವುದು ಶುರುವಾಯಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಯೀಸ್ಟಿನಿಂದ, ಅಂದರೆ ಹುದುಗಿನ ಜೀವಕಣದಿಂದ, ತಯಾರಿಸಿದ ಇನ್ಸುಲಿನ್ನನ್ನು ಪೇಟೆಗೆ ತಂದಿತು. ಈಗ ಮಕ್ಕಳಿಗೆ ವೈದ್ಯರು ಬರೆಯುವುದು ಈ ಬಗೆಯದನ್ನೇ. ಈ ಸಂಶಯದಿಂದ ಯಾರೂ ಸೂಜಿ ಬಿಡಬೇಕಾಗಿಲ್ಲ.

ಎರಡು, ರಮಝಾನಿನಲ್ಲಿ ಶಿಬಿರ ಇದ್ದರೆ? ಕಾಯಿಲೆಯವರಿಗೆ ರೋಝಾದ ವಿಷಯದಲ್ಲಿ ರಿಯಾಯಿತಿ ಇರುವುದು ಕುರ್‌ಆನಿನಲ್ಲೇ ಇದೆ. ಟೈಪ್ 1 ಇರುವ ಮಗುವಿಗೆ ರೋಝಾ ಅಪಾಯಕಾರಿ ಆಗಬಹುದು. ವೈದ್ಯರ ಒಪ್ಪಿಗೆ ಇಲ್ಲದೆ ಇಡಿಸಬೇಡಿ. ಜೊತೆಯ ಮಕ್ಕಳನ್ನು ನೋಡಿ ಮಗು ಹಟ ಮಾಡಿದರೂ ತಿಳಿಸಿ ಹೇಳಿ. ವೈದ್ಯರು ಒಪ್ಪಿ ರೋಝಾ ಇಟ್ಟ ದೊಡ್ಡ ಮಕ್ಕಳು ಹಗಲು ಬೆರಳು ಚುಚ್ಚಿ ರಕ್ತ ನೋಡಲೇಬೇಕು. ಪರೀಕ್ಷೆಗೆ ರಕ್ತ ತೆಗೆಯುವುದರಿಂದಲೂ, ಪೋಷಣೆಗಲ್ಲದೆ ಚಿಕಿತ್ಸೆಗಾಗಿ ಕೊಡುವ ಸೂಜಿಯಿಂದಲೂ ರೋಝಾ ಮುರಿಯುವುದಿಲ್ಲ ಎಂದು ಅಂತಾರಾಷ್ಟ್ರೀಯ ಇಸ್ಲಾಮಿ ಫಿಕ್ಹ್ ಅಕಾಡೆಮಿ 1997ರಲ್ಲಿ ಜಿದ್ದಾದಲ್ಲಿ ನಿರ್ಣಯ ಮಾಡಿದೆ. ಸಕ್ಕರೆ 70ರ ಕೆಳಗೆ ಇಳಿದರೆ ಆ ಕ್ಷಣವೇ ರೋಝಾ ಬಿಡಬೇಕು. ಹೆಚ್ಚಿನ ವಿವರ ಬೇಕಾದವರು ನಿಮ್ಮ ಆಲಿಮರನ್ನೂ ವೈದ್ಯರನ್ನೂ ಇಬ್ಬರನ್ನೂ ಕೇಳಿ.

ಮುಚ್ಚಿಡಬೇಡಿ

ಶಿಬಿರದವರಿಗೆ ನಮ್ಮ ವಿನಂತಿ: ಇಲ್ಲ ಎನ್ನುವ ಮೊದಲು ಹಾಳೆ ಓದಿ. ಕೇಂದ್ರ ಪ್ರೌಢ ಶಿಕ್ಷಣ ಮಂಡಳಿ 2017ರಲ್ಲೇ ಇಂಥ ಮಕ್ಕಳು ಬೋರ್ಡ್ ಪರೀಕ್ಷೆಯ ಕೋಣೆಗೆ ತಿನಿಸು ಒಯ್ಯಲು ಅನುಮತಿ ಕೊಟ್ಟಿದೆ. ಟೈಪ್ 1 ಚಿಕಿತ್ಸೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022ರಲ್ಲಿ ಮಾರ್ಗಸೂಚಿ ಹೊರತಂದಿದೆ. ಪರೀಕ್ಷೆಯ ಕೋಣೆಯಲ್ಲಿ ಆಗುವುದು ಶಿಬಿರದ ಚಾಪೆಯ ಮೇಲೂ ಆಗುತ್ತದೆ.

ಪಾಲಕರಿಗೆ ನಮ್ಮ ವಿನಂತಿ: ಊರಿಗೆಲ್ಲ ಸಾರಬೇಕಿಲ್ಲ, ಆದರೆ ಮಗುವನ್ನು ಯಾರ ಕೈಗೆ ಒಪ್ಪಿಸುತ್ತೀರೋ ಅವರಿಗೆ ಹೇಳಲೇಬೇಕು. ಅಂದು ಭಾಷಣದ ನಡುವೆ ಆ ಗೆಳತಿಗೆ ವಿಷಯ ಗೊತ್ತಿಲ್ಲದಿದ್ದರೆ, "ಉಪವಾಸಕ್ಕೆ ಚಕ್ಕರ್ ಬಂದಿರಬೇಕು" ಎಂದು ಸುಮ್ಮನಿರುತ್ತಿದ್ದಳು. ಗೊತ್ತಿದ್ದುದರಿಂದ ಕೂಗಿದಳು.

ಶಿಬಿರದಿಂದ ದಿನಕ್ಕೆ ಹತ್ತು ಸಲ ಫೋನ್ ನಿರೀಕ್ಷಿಸಬೇಡಿ. ರಾತ್ರಿ ಒಮ್ಮೆ ನೋಟ್‌ಬುಕ್ಕಿನ ಪುಟದ ಫೋಟೋ ವಾಟ್ಸಾಪಿನಲ್ಲಿ ಬಂದರೆ ಸಾಕು. ಮಗು ತಿರುಗಿ ಬಂದಾಗ ಆ ನೋಟ್‌ಬುಕ್ಕನ್ನು ವೈದ್ಯರಿಗೆ ತೋರಿಸಿ.

ಅರ್ಜಿದಾರರಿಗೆ ಸೂಚನೆ

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆರೋಗ್ಯದ ಒಂದು ಕಾಲಂ ಇದೆ. ಅದರಲ್ಲಿ ನಿಜ ಬರೆಯಿರಿ. ಕಾಯಿಲೆ ಬರೆದ ಕಾರಣಕ್ಕೆ ಯಾರ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ, ಯಾರ ಮೊತ್ತವನ್ನೂ ಕಡಿಮೆ ಮಾಡುವುದಿಲ್ಲ. ಆ ಕಾಲಂ ಸಮಿತಿಯ ಇಬ್ಬರು ಸದಸ್ಯರ ಕೈಯಲ್ಲಿ ಮಾತ್ರ ಇರುತ್ತದೆ, ಹೆಸರಿನ ಪಟ್ಟಿಯಲ್ಲಿ ಪ್ರಕಟವಾಗುವುದಿಲ್ಲ. ಶಿಬಿರಕ್ಕೋ ವಸತಿ ಶಾಲೆಗೋ ಹೋಗುವ ಇಂಥ ಮಕ್ಕಳ ಪಾಲಕರು ಒಂದು ತಿಂಗಳು ಮೊದಲು ಕಚೇರಿಗೆ ಬನ್ನಿ. ಹಾಳೆ ತುಂಬಿಸಲು, ಅಲ್ಲಿಯವರ ಜೊತೆ ಮಾತಾಡಲು ನಮ್ಮವರು ನಿಮ್ಮ ಜೊತೆ ಬರುತ್ತಾರೆ.

ದಾನಿಗಳಲ್ಲಿ ಒಂದು ಮಾತು. ಇನ್ಸುಲಿನ್ ಸರಕಾರಿ ಆಸ್ಪತ್ರೆಯಲ್ಲಿ ಹೇಗೋ ಸಿಕ್ಕರೂ ಸ್ಟ್ರಿಪ್ಪಿಗೆ ಕೈಯಿಂದ ಹಣ ಹಾಕಬೇಕಾಗುತ್ತದೆ. ದುಡ್ಡು ಉಳಿಸಲು ಬಡ ಮನೆಗಳಲ್ಲಿ ಮೊದಲು ಬಿಡುವುದು ರಕ್ತ ನೋಡುವುದನ್ನು. ನೋಡದೆ ಸೂಜಿ ಕೊಡುವುದು ಕತ್ತಲಲ್ಲಿ ಗಾಡಿ ಹೊಡೆದಂತೆ. ಝಕಾತಿನ ಹಣವನ್ನು ಅರ್ಹ ಕುಟುಂಬದ ಕೈಗೇ ಮುಟ್ಟಿಸಿ, ಅದರಿಂದ ಅವರು ಸ್ಟ್ರಿಪ್, ಸೂಜಿ ಕೊಳ್ಳುತ್ತಾರೆ. ಶಿಬಿರಗಳಿಗೆ ಕೊಡುವ ಸಾಮಾನ್ಯ ಮೀಟರ್, ತಂಪಿನ ಪೆಟ್ಟಿಗೆ ಮುಂತಾದವುಗಳಿಗೆ ಝಕಾತ್ ಬಳಸುವುದಿಲ್ಲ, ಸದಕಾ ಮತ್ತು ಇಮ್ದಾದಿನ ಹಣ ಬಳಸುತ್ತೇವೆ. ದಯವಿಟ್ಟು ಕೊಡುವಾಗ ಯಾವ ಬಾಬತ್ತಿಗೆ ಎಂದು ರಸೀದಿಯಲ್ಲಿ ಬರೆಸಿ.

ಆದಿಲ್‌ಶಾಹಿ ಕಾಲದಲ್ಲಿ ನಮ್ಮ ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ ವಿಜಯಪುರಕ್ಕೆ ನೀರು ಹೋಗುತ್ತಿತ್ತು. ನಡುವೆ ಒಂದು ಕಡೆ ಕುಸಿದರೂ ಮುಂದಿನವರಿಗೆ ನೀರಿಲ್ಲ. ಈ ಮಕ್ಕಳ ಆರೈಕೆಯೂ ಹಾಗೆಯೇ ಮನೆಯಿಂದ ವೈದ್ಯರಿಗೆ, ವೈದ್ಯರಿಂದ ಶಿಬಿರಕ್ಕೆ, ಶಿಬಿರದಿಂದ ತಿರುಗಿ ಮನೆಗೆ ತುಂಡಾಗದೆ ಹರಿಯಬೇಕು.

ಆ ಹುಡುಗಿ ಈಗ ಎಂಟನೇ ಇಯತ್ತೆ. ಈ ವರ್ಷ ಶಿಬಿರಕ್ಕೆ ಹೆಸರು ಕೊಡಲು ತಾಯಿಯೇ ಬಂದಿದ್ದರು, ಕೈಯಲ್ಲಿ ವೈದ್ಯರ ಹಾಳೆ ಇತ್ತು. "ಮೂರು ಝೆರಾಕ್ಸ್ ಮಾಡಿಸೀನ್ರಿ ಆಪಾ" ಅಂದರು.